ಪಾದರಸದ ಮುಖ ಮತ್ತು ನನ್ನ ಗೆಳತಿಯ ಗನ್ನು

ಅವಳು ತೀರಿಕೊಂಡ ಮರುದಿನ ನಮ್ಮ ಕಡೆಯ ಪತ್ರಿಕೆಯೊಂದರ ಒಳಪುಟದಲ್ಲಿ, ಸಿಮೆಂಟಿನ ಜಾಹೀರಾತಿಗೆ ಅಂಟಿಕೊಂಡಂತೆ, ಅಂಚೆಚೀಟಿಯಷ್ಟು ಫೋಟೋ ಬಂತು. ಕೆಳಗೆ 'ಖ್ಯಾತ ಎಕ್ಸ್-ರೇ ತಂತ್ರಜ್ಞೆ ನಿಧನ' ಎಂದಿತ್ತು. ಬದುಕಿದ್ದರೆ ಆ ಗಳಿಗೆಯೇ ಸಂಪಾದಕರಿಗೆ ಫೋನು ಹಚ್ಚಿ, ತನಗೂ ಆಸ್ಪತ್ರೆಯ ಎಕ್ಸ್-ರೇ ರೂಮಿಗೂ ಇರುವ ವ್ಯತ್ಯಾಸವನ್ನು ಶುದ್ಧ ಕಾನ್ವೆಂಟ್ ಇಂಗ್ಲಿಷಿನಲ್ಲಿ ಅವರು ಕುರ್ಚಿ ಬಿಟ್ಟು ಏಳುವವರೆಗೆ ವಿವರಿಸುತ್ತಿದ್ದಳು. ಸತ್ತಿದ್ದರಿಂದ ಸಂಪಾದಕರು ಬಚಾವಾದರು.

ಕೊಟ್ಟೂರಿನ ಅವಳ ಬಾಡಿಗೆ ಮನೆಯ ಮುಂದೆ ಮಾತಾಡಿಸಲು ಬಂದವರಲ್ಲಿ ತೆಲಿಗಿ ಕಡೆಯ ಒಬ್ಬ ಮುದುಕಿ ಇದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಿದಳು.

"ಅಮ್ಮಾರೆ, ನನ್ನ ಮೊಣಕಾಲಿಗೆ ಗನ್ ಹಿಡೀರಿ ಅಂತ ಕೇಳಿದ್ದೆ. ಹಿಡೀತೀನಿ ಅಂದಿದ್ರು. ಈಗ ಆ ಮಶೀನು ಯಾರ್ ಕೈಯಾಗ ಐತ್ರಿ?"

"ಹಿಡೀತೀನಿ ಅಂತ ಅವಳು ಅಂದಿದ್ದಳೇ?"

"ಅಂದಿದ್ರವ್ವಾ. 'ನೀ ಕಂಚಾದ ಮ್ಯಾಲ ಬಾ' ಅಂದಿದ್ರು. ಏನ್ ಅರ್ಥನೋ ನನಗ ತಿಳೀಲಿಲ್ಲ."

ನಾನು ಅಳುತ್ತಿದ್ದವಳು ನಕ್ಕುಬಿಟ್ಟೆ. ಅದು ನೂರಕ್ಕೆ ನೂರು ಅವಳದೇ ಮಾತು.

ಅವಳು ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಹಳೆಯ ಕಂಚು, ತಾಮ್ರ, ಹಿತ್ತಾಳೆಯ ಮೂರ್ತಿಗಳು, ಗಂಟೆಗಳು, ದೀಪಗಳು ಯಾವ ಯಾವ ಲೋಹ ಬೆರೆತು ಆಗಿವೆ ಎಂದು ತಿಳಿಯಬೇಕಾದರೆ ಹಿಂದೆ ಒಂದು ಚೂರು ಕೆರೆದು ಆಸಿಡ್ಡಿನಲ್ಲಿ ಹಾಕಬೇಕಾಗಿತ್ತಂತೆ. ಈಗ ಕೈಯಲ್ಲಿ ಹಿಡಿಯುವ ಯಂತ್ರ ಬಂದಿದೆ, ಅದೇ ಈ ಗನ್ನು. ನೋಡಲು ಹೇರ್ ಡ್ರೈಯರಿಗೂ ಬಡಗಿಯ ಡ್ರಿಲ್ಲಿಗೂ ಹುಟ್ಟಿದ ಕೂಸಿನ ಹಾಗೆ. ಮೂತಿಯನ್ನು ಮೂರ್ತಿಗೆ ತಾಗಿಸಿ, ಬಂದೂಕಿನದರಂತೆ ಕುದುರೆ ಒತ್ತಿದರೆ ಕಣ್ಣಿಗೆ ಕಾಣದ ಎಕ್ಸ್-ರೇ ಹೋಗಿ ಮುಟ್ಟುತ್ತದೆ. ಒಳಗಿನ ಪ್ರತಿಯೊಂದು ಲೋಹವೂ ತನ್ನದೇ ದನಿಯಲ್ಲಿ 'ಯೆಸ್ ಸಿಸ್ಟರ್' ಎಂದು ಹಾಜರಿ ಹೇಳುತ್ತದೆ. ಯಂತ್ರದ ಬೆನ್ನಿನ ಪರದೆಯ ಮೇಲೆ ಯಾರ್‍ಯಾರು ಎಷ್ಟೆಷ್ಟು ಎಂದು ಬರುತ್ತದೆ. ಮೂರ್ತಿಗೆ ಒಂದು ಗೆರೆಯೂ ಬೀಳುವುದಿಲ್ಲ. ಇದಕ್ಕೆ ನಾನ್-ಡಿಸ್ಟ್ರಕ್ಟಿವ್ ಅನಾಲಿಸಿಸ್ ಎನ್ನುತ್ತಾರೆ.

ನಾನ್-ಡಿಸ್ಟ್ರಕ್ಟಿವ್ ಎಂಬುದು ಅವಳ ವೃತ್ತಿಯೂ ಹೌದು, ಧರ್ಮವೂ ಹೌದು. ಆದರೆ ವಸ್ತುಗಳಿಗೆ ಮಾತ್ರ. ಮನುಷ್ಯರ ವಿಷಯದಲ್ಲಿ ಅವಳು ಕೆರೆಯದೆ, ಕೊರೆಯದೆ, ಆಸಿಡ್ಡಿನಲ್ಲಿ ಅದ್ದದೆ ಬಿಟ್ಟದ್ದು ನಾನು ಕಾಣೆ.

ನಾವಿಬ್ಬರೂ ಬಳ್ಳಾರಿಯ ಕಾನ್ವೆಂಟಿನಲ್ಲಿ ಒಂದೇ ಬೆಂಚು. ನೀಲಿ ಪಿನಾಫೋರ್, ಬಿಳಿ ಕಾಲುಚೀಲ, ಮಧ್ಯಾಹ್ನ ಡಬ್ಬಿಯಲ್ಲಿ ಅದೇ ಜೋಳದ ರೊಟ್ಟಿ. ರೊಟ್ಟಿಯನ್ನು ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದೆವು, ಬ್ರೆಡ್ಡು ತರುವವರ ಕಣ್ಣಿಗೆ ಬೀಳಬಾರದೆಂದು. ಒಂದು ವರ್ಷ ನಡತೆಗೆಂದು ಅವಳಿಗೆ ಬೆಳ್ಳಿ ಪದಕ ಕೊಟ್ಟರು. ನಡತೆಗೆ ಪದಕ ಬಂದ ಮೊದಲ ನಿಮಿಷದಲ್ಲೇ ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ನೋಡಿದಳು.

ಸಿಸ್ಟರ್ ಬೆಚ್ಚಿದರು. "ಚೈಲ್ಡ್! ಸಮ್ ಥಿಂಗ್ಸ್ ಆರ್ ನಾಟ್ ಟು ಬಿ ಟೆಸ್ಟೆಡ್."

"ದೆನ್ ಹೌ ಡಸ್ ಒನ್ ನೋ, ಸಿಸ್ಟರ್?"

ಪದಕವನ್ನು ಅಲ್ಲೇ ವಾಪಸು ತೆಗೆದುಕೊಂಡರು. ಅದು ಬೆಳ್ಳಿಯಲ್ಲವೆಂದು ಅವಳಿಗೆ ಆಗಲೇ ಗೊತ್ತಾಗಿತ್ತು, ಆದ್ದರಿಂದ ಬೇಜಾರಾಗಲಿಲ್ಲ.

ಆಮೇಲೆ ನಾನು ಮದುವೆಯಾಗಿ ಕೊಟ್ಟೂರಿಗೆ ಬಂದೆ, ಹರಪನಹಳ್ಳಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದೆ. ಅವಳು ಲೋಹಶಾಸ್ತ್ರ ಓದಿ ದೂರದ ಲ್ಯಾಬುಗಳಲ್ಲಿ ಇದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ನೋ ಸ್ಯಾಂಪಲ್ ವಾಸ್ ಪ್ಯೂರ್ ಇನಫ್" ಎನ್ನುತ್ತಿದ್ದಳು. ರಿಟೈರ್ ಆದ ಮೇಲೆ, ನಮ್ಮ ಸೀಮೆಯ ಹಳೆಯ ಲೋಹದ ವಸ್ತುಗಳನ್ನೆಲ್ಲ ಪರೀಕ್ಷೆ ಮಾಡಿ ದಾಖಲಿಸುವ ಒಂದು ಯೋಜನೆಯನ್ನು ತಾನೇ ಕೇಳಿ ತೆಗೆದುಕೊಂಡು, ಎರವಲು ಗನ್ನು ಮತ್ತು ಒಂದು ಹೋಲ್ಡಾಲಿನ ಸಮೇತ ಕೊಟ್ಟೂರಿಗೆ ಬಂದು ಇಳಿದಳು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಕ್ಕೂ ಕೊಟ್ಟೂರು ನಡುಮಧ್ಯೆ ಎಂಬುದು ಅವಳು ಕೊಟ್ಟ ಕಾರಣ. ನಾನಿದ್ದೇನೆ ಎಂಬುದು ಕೊಡದ ಕಾರಣ ಎಂದು ನಾನು ನಂಬಿಕೊಂಡಿದ್ದೇನೆ.

ಬಂದ ದಿನವೇ ನಮ್ಮ ಮನೆಯ ದೇವರ ಕೋಣೆಗೆ ನುಗ್ಗಿದಳು. ಅಲ್ಲಿ ನಮ್ಮ ಅತ್ತೆಯವರ ತೂಗುದೀಪ. ವಿಜಯನಗರದ ಅರಸರ ಕಾಲದ್ದು ಎಂದು ಅತ್ತೆ ಸಾಯುವವರೆಗೂ ಬಂದವರಿಗೆಲ್ಲ ಹೇಳಿದ್ದರು. ನಾನೂ ಹೇಳಿಕೊಂಡು ಬಂದಿದ್ದೆ. ಗನ್ನು 'ಟಿಕ್' ಅಂದಿತು. ದೀಪವನ್ನು ಮಗುಚಿ ಅದರ ತಳವನ್ನೂ ನೋಡಿದಳು.

"ಮಾಡರ್ನ್ ಬ್ರಾಸ್. ತಳದಾಗ ಲೇಥ್ ಮಶೀನಿನ ಗೆರಿ ಅದಾವ ನೋಡಲೇ. ನಿಮ್ಮತ್ತಿಗಿಂತ ಸಣ್ಣದಿದು."

"ಮೆಲ್ಲಗ ಮಾತಾಡು," ಅಂದೆ. ಗೋಡೆಯ ಮೇಲೆ ಅತ್ತೆಯ ಫೋಟೋ ಇತ್ತು.

"ಅವರಿಗೆ ಗೊತ್ತಿರ್ತೈತಿ. ತಂದೋರು ಅವರೇ ಅಲ್ಲ?"

ಊರೂರು ತಿರುಗುವಾಗ ನಾನು ಜೊತೆಗೆ ಹೋಗುತ್ತಿದ್ದೆ. ಅಂಗಿಯ ಮೇಲೆ ರೇಡಿಯೇಷನ್ ಅಳೆಯುವ ಒಂದು ಬ್ಯಾಡ್ಜು ಸಿಕ್ಕಿಸಿಕೊಳ್ಳುತ್ತಿದ್ದಳು. ಮದುವೆಗೂ ಅದೇ, ಮುಂಜಿಗೂ ಅದೇ. ಲೋಹದ ಹೆಸರುಗಳು ಅವಳ ಬಾಯಿಗೆ ಇಂಗ್ಲಿಷಿನಲ್ಲೇ ಬರುತ್ತಿದ್ದವು, ಆದ್ದರಿಂದ ಅವಳು 'ಕಾಪರ್' ಎಂದರೆ ನಾನು 'ತಾಮ್ರ' ಎನ್ನಬೇಕು, 'ಟಿನ್' ಎಂದರೆ 'ತವರ' ಎನ್ನಬೇಕು. ಪ್ರತಿ ಸಲ ಕುದುರೆ ಒತ್ತಿದ ಮೇಲೆ ಪರದೆಯನ್ನು ಸುತ್ತಲಿನವರಿಗೆಲ್ಲ ತೋರಿಸಿ, ಗಟ್ಟಿಯಾಗಿ ಓದಿ ಹೇಳುವುದು ಅವಳ ಪದ್ಧತಿ. ವಸ್ತು ಅವರದು, ಆದ್ದರಿಂದ ನಂಬರ್ ಮೊದಲು ಅವರಿಗೆ ಗೊತ್ತಾಗಬೇಕು ಎನ್ನುತ್ತಿದ್ದಳು. ಒಳ್ಳೆಯ ಪದ್ಧತಿ. ಅವಳನ್ನು ಕೆಡಿಸಿದ್ದೂ ಅದೇ.

ಹಳ್ಳಿಗಳಲ್ಲಿ ಅವಳ ಹೆಸರು ಗನ್ನಮ್ಮ ಎಂದಾಯಿತು. ಎಕ್ಸ್-ರೇ ಮಶೀನು ಊರಿಗೇ ಬಂದಿದೆ ಎಂದು ತಿಳಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಮೂರ್ತಿಗಿಂತ ಮೊಣಕಾಲುಗಳೇ ಹೆಚ್ಚು ಬರತೊಡಗಿದವು. ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿ ನೋಡಲು ನಿಂತ ಅರ್ಧ ಗಂಟೆಯಲ್ಲಿ ಸೊಂಟ ಹಿಡಿದವರು, ಭುಜ ಉಳುಕಿದವರು, ಒಬ್ಬ ಗರ್ಭಿಣಿಯ ಅತ್ತೆ, ಎಲ್ಲರೂ ಸಾಲಾಗಿ ಕೂತಿದ್ದರು. "ಇದು ಹಳೇ ಕಂಚಿಗೆ ಮಾತ್ರ, ಮನುಷ್ಯರಿಗಲ್ಲ" ಎಂದು ನಾನು ಗಂಟಲು ಹರಿದುಕೊಂಡೆ. "ದೇವರಿಗೆ ಹಿಡಿಯೋದು ನಮಗ್ಯಾಕ ಹಿಡೀಬಾರದು, ನಾವೇನ್ ಕಡಿಮಿ?" ಎಂದು ಕೇಳಿದರು. ಪ್ರಜಾಪ್ರಭುತ್ವ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನನಗೆ ಆವತ್ತು ಗೊತ್ತಾಯಿತು.

ಒಡವೆಗಳನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಹರಪನಹಳ್ಳಿಯಲ್ಲಿ ಒಂದು ಮದುವೆಯ ಊಟಕ್ಕೆ ಹೋಗಿದ್ದೆವು. ಗಂಡಿನ ಕಡೆಯ ಇಬ್ಬರು ಹಿರಿಯರು ಅವಳನ್ನು ಮೂಲೆಗೆ ಕರೆದು, ಹೆಣ್ಣಿನ ಮನೆಯವರು ಹಾಕಿದ ಸರವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

"ಒಂದ್ ಸಣ್ಣ ಚೆಕ್ ಮೇಡಮ್ಮಾರೆ. ಯಾರಿಗೂ ಹೇಳಂಗಿಲ್ಲ."

"ನನ್ನ ಮಶೀನು ಪುರಾತನ ವಸ್ತು ಮಾತ್ರ ನೋಡ್ತೈತ್ರಿ. ನೂರು ವರ್ಷ ಬಿಟ್ಟು ತರ್ರಿ. ನೀವೂ ಬರ್ರಿ."

ಹಿರಿಯರು ಸರವನ್ನು ಹಾಗೇ ಸುತ್ತಿಕೊಂಡು ಹೋದರು. ಎಲೆಯ ಮುಂದೆ ಕೂತಾಗ ನನಗೆ ಪಿಸುಗುಟ್ಟಿದಳು: "ಟೂ ಮೆನಿ ಮ್ಯಾರೇಜಸ್ ಆರ್ ಓನ್ಲಿ ಪ್ಲೇಟೆಡ್. ನಾನ್ಯಾಕ ಹೇಳ್ಲಿ?"

ಹಡಗಲಿಯ ಒಂದು ಕಾಲೇಜಿನವರು ಅವಳನ್ನು ಸನ್ಮಾನಕ್ಕೆ ಕರೆದದ್ದು ಇನ್ನೊಂದು ಕತೆ. ಶಾಲು ಹೊದಿಸಿದರು, ಹಡಗಲಿ ಮಲ್ಲಿಗೆಯ ಮಾಲೆ ಹಾಕಿದರು, 'ಕಂಚಿನ ಸರಸ್ವತಿ' ಎಂದು ಮೈಕಿನಲ್ಲಿ ಘೋಷಿಸಿ ಒಂದು ನೆನಪಿನ ಕಾಣಿಕೆ ಕೊಟ್ಟರು. ಅವಳು ಮೈಕಿನ ಮುಂದೆ ನಿಂತು, "ಮುಂದಿನ ಸಾಲಿನವರು ದಯವಿಟ್ಟು ಹಿಂದೆ ಸರಿಯಬೇಕು, ರೇಡಿಯೇಷನ್" ಎಂದಳು. ಯಾವ ಸಭೆಯಲ್ಲೂ ಮುಂದಿನ ಸಾಲು ಬಿಟ್ಟುಕೊಡದ ಗಣ್ಯರೆಲ್ಲ ಪಂಚೆ ಎತ್ತಿಕೊಂಡು ಎದ್ದು ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಸರಸ್ವತಿಗೆ ಗನ್ನು ಹಿಡಿದಳು. "ನೋ ಕಾಪರ್. ನೋ ಟಿನ್. ಇದು ಪ್ಲಾಸ್ಟಿಕ್, ಮೇಲೆ ಬಣ್ಣ. ಮಲ್ಲಿಗೆ ಮಾತ್ರ ಅಸಲಿ. ಥ್ಯಾಂಕ್ ಯೂ" ಎಂದು ಕೂತಳು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಒಂದು ಕೈಯನ್ನು ಮಾತ್ರ ಎತ್ತಿದ್ದರು.

ಇಂಥವಳು ತಂಬ್ರಹಳ್ಳಿಯ ಆಚೆಯ ಒಂದು ಊರಿನಲ್ಲಿ ಸಿಕ್ಕಿಬಿದ್ದಳು. ಊರಿನ ಹೆಸರು ಬೇಡ. ಅಲ್ಲಿ ಈಗ ಲಾಡ್ಜು ಬೇರೆ ಆಗಿದೆಯಂತೆ.

ಆ ಊರಿನ ದೇವರಿಗೆ ಮೈ ಕಲ್ಲಿನದು, ಮುಖ ಕಂಚಿನದು. ಹಬ್ಬದ ದಿನ ಕಲ್ಲಿಗೆ ಈ ಮುಖವನ್ನು ಕಟ್ಟುತ್ತಾರೆ, ಉಳಿದ ದಿನ ಪೂಜಾರಿಯ ಮನೆಯ ಪೆಟ್ಟಿಗೆಯಲ್ಲಿ ಇರುತ್ತದೆ. ಅದರ ಎಡಗೆನ್ನೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು ಬಿಟ್ಟಿತ್ತು. ಭಿನ್ನವಾದ ಮುಖ ಪೂಜೆಗೆ ಬರುವುದಿಲ್ಲ ಎಂದು ಕಮಿಟಿ ತೀರ್ಮಾನ ಮಾಡಿತು. ಕೂಡ್ಲಿಗಿಯಲ್ಲಿ ಟ್ರ್ಯಾಕ್ಟರ್ ವ್ಯಾಪಾರ ಮಾಡುವ ಆ ಊರಿನವರೇ ಒಬ್ಬ ದಾನಿ, ತಮ್ಮ ತಂದೆಯ ಹೆಸರು ಕೆತ್ತಿದ ಹೊಸ ಪಂಚಲೋಹದ ಮುಖ ಮಾಡಿಸಿಕೊಡಲು ಮುಂದೆ ಬಂದರು. ಹಳೆಯ ಮುಖವನ್ನು ಕರಗಿಸಿ ಹೊಸದರ ಎರಕದಲ್ಲಿ ಬೆರೆಸಬೇಕು, ಆಗಲೇ ಹಳೆಯ ಶಕ್ತಿ ಹೊಸದಕ್ಕೆ ಬರುತ್ತದೆ ಎಂಬುದು ಅಲ್ಲಿನ ಪದ್ಧತಿ. ಎರಕದವನು ಬಂದು ಗುಡಿಯ ಹಿಂದೆ ಭಟ್ಟಿ ಹೂಡಿದ್ದ. ಕರಗಿಸುವ ಮುಂಚೆ ಹಳೆಯದರಲ್ಲಿ ಬಂಗಾರ ಎಷ್ಟಿದೆ ಎಂದು ನೋಡಿ ಹೇಳಲು ಗನ್ನಮ್ಮನಿಗೆ ಕರೆ ಬಂತು.

ಕಾರಿನಲ್ಲಿ ಅವಳು ಸಿಡಿಮಿಡಿ ಎನ್ನುತ್ತಿದ್ದಳು.

"ಬಂಗಾರ ಇತ್ತು ಅಂದ್ರ ಅದನ್ನ ತಗಿಯಾಕ ಕರಗಸ್ತಾರ. ಇಲ್ಲ ಅಂದ್ರ ಬರೇ ತಗಡು ಅಂತ ಕರಗಸ್ತಾರ. ವಿಚ್‌ಎವರ್ ನಂಬರ್ ಐ ರೀಡ್, ಒಲಿ ಹಚ್ಚೋದು ಹಚ್ಚೋದೇ."

"ಹಂಗಾದ್ರ ಯಾಕ ಹೊಂಟಿ? ಕಾರು ತಿರುಗ್ಸು ಅನ್ನು."

"ನಾ ಹೋಗ್ದಿದ್ರ ಏನಿತ್ತು ಅಂತ ಸೈತ ಯಾರಿಗೂ ಗೊತ್ತಾಗಂಗಿಲ್ಲ. ಕೊಲ್ಲಾಕ ಮುಂಚೆ ಹೆಸರಾದ್ರೂ ಕೇಳಬೇಕಲ್ಲಲೇ."

ಮುಖವನ್ನು ಬಾಳೆಲೆಯ ಮೇಲೆ ಇಟ್ಟಿದ್ದರು. ಅದನ್ನು ನೋಡಿದ ಕೂಡಲೇ ಅವಳ ಬೈಗುಳ ನಿಂತುಹೋಯಿತು. ನನಗೆ ಕಲೆಯ ವಿಷಯ ತಿಳಿಯದು. ಆದರೆ ಆ ಮುಖದ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಇತ್ತು, ಮನೆಯಲ್ಲಿ ಎಲ್ಲರ ಸುಳ್ಳೂ ಗೊತ್ತಿರುವ ಅಜ್ಜಿಯ ನಗುವಿನ ಹಾಗೆ. ಹಣೆಯ ಮೇಲೆ ತಲೆತಲಾಂತರದ ಕುಂಕುಮ ಕಲ್ಲಾಗಿ ಕೂತಿತ್ತು. ಅವಳು ಹತ್ತಿರ ಬಾಗಿ, "ಓ ಮೈ ಡಿಯರ್" ಅಂದಳು. ಅರವತ್ತು ವರ್ಷದ ಸ್ನೇಹದಲ್ಲಿ ನನಗೆ ಒಂದು ಸಲವೂ ಹಾಗೆ ಅಂದದ್ದಿಲ್ಲ.

ಜನ ಹಿಂದೆ ಸರಿದರು. ಗದ್ದಕ್ಕೆ ಹಿಡಿದಳು, ಕೆನ್ನೆಗೆ ಹಿಡಿದಳು. ಅವಳು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ: ತಾಮ್ರ. ತವರ. ಸೀಸ.

ಕಮಿಟಿಯ ಅಧ್ಯಕ್ಷರು ಬೋರ್‌ವೆಲ್ ಕೊರೆಸುವ ಕಂಟ್ರಾಕ್ಟರು. ಭೂಮಿಯ ಒಳಗೆ ಇಲ್ಲದ್ದನ್ನು ಇದೆ ಎಂದು ಹೇಳಿ ಅಭ್ಯಾಸವಿದ್ದವರು. "ಬಂಗಾರ, ಅಮ್ಮಾರೆ?"

"ಇಲ್ಲ. ಆದ್ರ ಇದು ಬಾಳ ಹಳೇ ಕಂಚು. ತವರ ಒಂಚೂರೂ ಉಳಿತಾಯ ಮಾಡಿಲ್ಲ. ಐದು ತಾಲೂಕಿನಾಗ ಇಂಥಾದ್ದು ನಾ ಕಂಡಿಲ್ಲ. ಇದನ್ನ ಕರಗಸಬ್ಯಾಡ್ರಿ, ಕೈ ಮುಗೀತೀನಿ."

"ಬರೇ ಕಂಚು ಅನ್ರಿ ಹಂಗಾದ್ರ," ಎಂದು ದಾನಿಗಳು ಎದ್ದು ನಿಂತರು. ಎರಕದವನು ಭಟ್ಟಿಯ ಕಡೆ ತಿರುಗಿದ.

ಉಳಿದದ್ದು ಹಣೆ. ನಿಯಮದಂತೆ ಅಲ್ಲಿಗೂ ಹಿಡಿದು ಕುದುರೆ ಒತ್ತಿದಳು. ಪರದೆಯನ್ನು ತಿರುಗಿಸಿ, ಎಂದಿನಂತೆ ಗಟ್ಟಿಯಾಗಿ ಓದಿದಳು. ಕಾಪರ್, ಟಿನ್, ಲೆಡ್, ಮರ್ಕ್ಯುರಿ.

"ಪಾದರಸ," ಎಂದೆ ನಾನು.

ಮೊದಲು ಮಾತಾಡಿದವನು ಎರಕದವನು. "ಪಾದರಸ ಇದ್ರ ನಾ ಭಟ್ಟಿಗೆ ಹಾಕಂಗಿಲ್ರೀಪಾ. ಅದರ ಹೊಗಿ ಕುಡುದು ಸಾಯೋನು ನಾನು. ದಾನಿಗಳು ಸಾಯ್ತಾರೇನು?"

ಅಷ್ಟರಲ್ಲಿ ಪೂಜಾರಿ ತಾತನಿಗೆ ನೆನಪು ಉಕ್ಕಿ ಬಂತು. "ನಮ್ಮ ತಾತ ಹೇಳ್ತಿದ್ನಲ್ಲ! ಸಿದ್ಧರು ಬಂದು ಪಾದರಸ ಕಟ್ಟಿ ಮಾಡಿದ ಮುಖ ಅಂತ!" ಆ ತಾತ ಹಾಗೆ ಹೇಳಿದ್ದನ್ನು ಆ ಕ್ಷಣದವರೆಗೆ ಯಾರೂ ಕೇಳಿರಲಿಲ್ಲ, ಪೂಜಾರಿಯೂ ಕೇಳಿರಲಿಲ್ಲ ಎಂದೇ ನನ್ನ ಅನುಮಾನ. ಹೆಂಗಸರು ಅಡ್ಡಬಿದ್ದರು.

ಅವಳು ಎರಡೂ ಕೈ ಎತ್ತಿದಳು. "ಕೇಳ್ರಿ ಇಲ್ಲಿ! ಅದು ಕುಂಕುಮ. ಹಿಂದಿನ ಕಾಲದಾಗ ಇಂಗಳೀಕದಿಂದ ಕುಂಕುಮ ಮಾಡ್ತಿದ್ರು, ಇಂಗಳೀಕ ಅಂದ್ರ ಪಾದರಸದ ಅದಿರು. ಮಶೀನು ಮ್ಯಾಲಿನ ತೊಗಲು ಮಾತ್ರ ನೋಡ್ತೈತಿ. ಕಂಚಿನಾಗ ಪಾದರಸ ಇಲ್ಲ!"

ಅಧ್ಯಕ್ಷರು ಮಗುವಿಗೆ ಹೇಳುವ ಹಾಗೆ ಹೇಳಿದರು. "ಅಮ್ಮಾರೆ, ನೀವು ದೊಡ್ಡೋರು. ಆದ್ರ ನೀವೂ ಮನುಷ್ಯರೇ, ತಪ್ಪತೀರಿ. ಮಶೀನು ತಪ್ಪಂಗಿಲ್ಲ. ನೀವೇ ತೋರ್ಸಿದ್ರಿ, ನಾವೆಲ್ಲಾ ಕಣ್ಣಾರೆ ಓದೀವಿ."

ಹೀಗೆ ನನ್ನ ಗೆಳತಿಯ ಯಂತ್ರಕ್ಕೆ ಸಿಕ್ಕ ಗೌರವ ನನ್ನ ಗೆಳತಿಗೆ ಸಿಗಲಿಲ್ಲ. ಭಟ್ಟಿ ಆರಿತು. ಮುಖ ಉಳಿಯಿತು. ವಾಪಸು ಬರುವಾಗ ನಾನು ಖುಷಿಯಲ್ಲಿದ್ದೆ, ಅವಳ ಮುಖ ಮಾತ್ರ ಹುಣಸೆಹಣ್ಣು ಕಚ್ಚಿದ ಹಾಗಿತ್ತು.

ತಿಂಗಳು ತುಂಬುವುದರೊಳಗೆ ಆ ಊರಿಗೆ ಗಾಡಿಗಳು ಹರಿಯತೊಡಗಿದವು. ಮುಖವನ್ನು ಪೆಟ್ಟಿಗೆಯಿಂದ ತೆಗೆದು ಗಾಜಿನ ಬೀರುವಿನಲ್ಲಿ ಇಟ್ಟರು, ಸುತ್ತ ಬಣ್ಣ ಬದಲಿಸುವ ಲೈಟು. ಬಾಗಿಲಿಗೆ ಬೋರ್ಡು: 'ವಿಶ್ವದ ಏಕೈಕ ಪಾದರಸದ ಮುಖ. ವೈಜ್ಞಾನಿಕವಾಗಿ ದೃಢಪಟ್ಟಿದೆ.' ಅದರ ಕೆಳಗೆ ಅವಳ ಪೂರ್ತಿ ಹೆಸರು, ಹೆಸರಿನ ಹಿಂದೆ ಅವಳು ಪಡೆದ ಡಿಗ್ರಿಗಳ ಜೊತೆಗೆ ಪಡೆಯದ ಎರಡು ಡಿಗ್ರಿ. ಯಾರೋ ಫೋನಿನಲ್ಲಿ ಫೋಟೋ ಕಳಿಸಿದರು. ಅವಳು ಆ ದಿನ ಊಟ ಮಾಡಲಿಲ್ಲ.

"ಡಿಗ್ರಿ ಬಗ್ಗೆ ಸಿಟ್ಟೇನು?" ಎಂದೆ.

"ತಪ್ಪು ನಂಬರಲೇ. ಅಂಡರ್ ಮೈ ನೇಮ್. ಇಡೀ ಜನ್ಮದಾಗ ಒಂದು ತಪ್ಪು ನಂಬರಿಗೆ ನಾ ಸಹಿ ಮಾಡಿಲ್ಲ. ನನ್ಹತ್ರ ಬ್ಯಾರೆ ಏನೈತಿ ಹೇಳು? ಮಕ್ಕಳದಾರಾ, ಮನಿ ಐತಾ?"

ಒಂದು ಲೋಟ ಮಜ್ಜಿಗೆ ಕೊಟ್ಟೆ.

ಹೊಸ ಮುಖದ ದಾನಿಗಳು ಒಂದು ದಿನ ಅವಳ ಮನೆಗೇ ಬಂದರು. ತಂದೆಯ ಹೆಸರು ಕೆತ್ತಿಸುವ ಅವಕಾಶ ಪಾದರಸದಿಂದಾಗಿ ಕೈತಪ್ಪಿ ಹೋಗಿದ್ದು ಅವರಿಗೆ ನಿದ್ದೆ ಕೆಡಿಸಿತ್ತು. ಐದು ತಾಲೂಕಿನಲ್ಲಿ ಅವಳ ಮಾತನ್ನು ನಂಬಿದವರು ಅವರೊಬ್ಬರೇ.

"ನೀವು ಸತ್ಯ ಹೇಳಿದ್ರಿ ಅಮ್ಮಾರೆ, ಈ ಜನಕ್ಕ ತಿಳೀಲಿಲ್ಲ. ಮುಖದ ಒಳಮೈ ಟೊಳ್ಳಲ್ರಿ? ಅಲ್ಲಿ ಕುಂಕುಮ ಇರಂಗಿಲ್ಲ. ಅಲ್ಲಿ ಗನ್ ಹಿಡಿದು, ಪಾದರಸ ಇಲ್ಲ ಅಂತ ಎಲ್ಲರ ಮುಂದ ತೋರಿಸಿಬಿಡ್ರಿ. ಸತ್ಯ ಗೆಲ್ತೈತಿ. ಎರಕದವನಿಗೆ ಕೇಳೀನಿ, ಪಾದರಸ ಇಲ್ಲಂದ್ರ ಮರುದಿನಾನೇ ಕರಗಸ್ತೀನಿ ಅಂತಾನ."

ಸತ್ಯ ಇಂಥ ವೇಷದಲ್ಲಿ ಮನೆಗೆ ಬರುತ್ತದೆ ಎಂದು ಕಾನ್ವೆಂಟಿನಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಹೋದ ಮೇಲೆ ನಾವಿಬ್ಬರೂ ದೊಡ್ಡ ದನಿಯಲ್ಲಿ ಜಗಳಾಡಿದೆವು.

"ಹೋಗಬ್ಯಾಡ," ಅಂದೆ. "ಸುಳ್ಳು ಬೋರ್ಡು ಇರ್ಲಿ. ಆ ಮುಖ ಇರ್ತೈತಿ."

"ಸುಳ್ಳಿನ ಮ್ಯಾಲ ಇರ್ತೈತಿ."

"ಇರ್ತೈತಲ್ಲ!"

"ನೀ ಇಂಗ್ಲಿಷ್ ಕಲ್ಸಿದಾಕಿ. ನಿನಗ ಕತಿ ಸಾಕು. ನನಗ ಸಾಕಾಗಂಗಿಲ್ಲ," ಎಂದು ಬ್ಯಾಡ್ಜು ಸಿಕ್ಕಿಸಿಕೊಂಡಳು. "ಒಂದು ಸಲ ನಾನೇ ಸುಳ್ಳು ಬಿಟ್ಟೆ ಅಂದ್ರ, ಇಲ್ಲೀತನಕ ಓದಿದ ನಂಬರೆಲ್ಲಾ ಯಾರು ನಂಬ್ತಾರ? ನಾನೇ ನಂಬಂಗಿಲ್ಲ."

ಎರಡನೆಯ ಸಲ ಹೋದಾಗ ಗುಡಿಯ ಮುಂದೆ ಚಪ್ಪಲಿ ಕಾಯುವವರೇ ನಾಲ್ಕೈದು ಜನ. ಅಧ್ಯಕ್ಷರಿಗೆ ಇಷ್ಟವಿರಲಿಲ್ಲ. ಆದರೆ ಬೋರ್ಡಿನ ಮೇಲೆ ಹೆಸರಿರುವವಳನ್ನು ಬಾಗಿಲಲ್ಲಿ ತಡೆಯುವುದು ಹೇಗೆ? ದಾನಿಗಳು ಊರಿನ ಹಿರಿಯರನ್ನೆಲ್ಲ ಕೂಡಿಸಿದ್ದರು. ಎರಕದವನೂ ಕಂಬಕ್ಕೆ ಒರಗಿ ನಿಂತಿದ್ದ. ಪೂಜಾರಿ ತಾತ ಬೀರು ತೆರೆದು, ಮುಖವನ್ನು ತೆಗೆದು, ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಮಲಗಿಸಿದ. ಒಳಮೈಯನ್ನು ಹೊರಗಿನವರು ಯಾರೂ ಆವತ್ತಿನವರೆಗೆ ನೋಡಿರಲಿಲ್ಲ.

"ಹಿಂದಕ ಸರೀರಿ," ಅಂದಳು. ಸರಿದರು. ಅವಳ ಬೆನ್ನಿಗೆ ನಾನೊಬ್ಬಳೇ ಉಳಿದೆ, ಭಾಷಾಂತರಕ್ಕೆ.

ಗನ್ನಿನ ಮೂತಿಯನ್ನು ಟೊಳ್ಳಿನೊಳಗೆ ಇಳಿಸಿದಳು. ಸರಿಯಾದ ಜಾಗ ಹುಡುಕಲು ಇನ್ನೊಂದು ಕೈಯಲ್ಲಿ ಟಾರ್ಚು ಹಚ್ಚಿ ಬಾಗಿದಳು. ಬಾಗಿದವಳು ಏಳಲೇ ಇಲ್ಲ. ಕನ್ನಡಕವನ್ನು ಹಣೆಗೆ ಏರಿಸಿ ಇನ್ನೂ ಬಾಗಿದಳು. ಅವಳ ಬೆರಳು ಕುದುರೆಯ ಮೇಲೆ ಇತ್ತು, ಅದು ನನಗೆ ಕಾಣುತ್ತಿತ್ತು. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಹಸಿರು ಗೆರೆಗಳು ಭರ್ತಿಯಾಗಿ ಉರಿಯುತ್ತಿದ್ದವು, ಅದೂ ಕಾಣುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ದಾನಿಗಳು "ಆಯ್ತೇನ್ರಿ?" ಅಂದರು.

ಅವಳು ನೆಟ್ಟಗಾದಳು. ಗನ್ನನ್ನು ಎದೆಗೆ ಒತ್ತಿ ಹಿಡಿದುಕೊಂಡಳು, ಪರದೆ ಒಳಗಾಗುವ ಹಾಗೆ.

"ಬ್ಯಾಟರಿ ಹೋತು."

"ಹೋತಾ?" ದಾನಿಗಳು ಒಂದು ಹೆಜ್ಜೆ ಮುಂದೆ ಬಂದರು. "ನನ್ನ ಕಾರಿನಾಗ ಚಾರ್ಜರ್ ಐತ್ರಿ, ತರಸ್ತೀನಿ."

"ಇದಕ್ಕ ಅದು ಬರಂಗಿಲ್ರಿ."

"ನಾಳಿ?"

"ನಾಳಿ ಮಶೀನು ವಾಪಸ್ ಕಳಸಬೇಕು. ಕೊಟ್ಟೋರು ಕೇಳ್ಯಾರ."

ಅಧ್ಯಕ್ಷರಿಗೆ ಒಂದು ಕ್ಷಣ ಸಾಕಾಯಿತು. ಭೂಮಿಗೆ ಕಿವಿಗೊಟ್ಟು ನೀರು ಹೇಳುವವರು, ಗಾಳಿಯಲ್ಲಿ ಬಂದದ್ದನ್ನು ಬಿಡುತ್ತಾರೆಯೇ? ಎರಡೂ ಕೈ ತಲೆಯ ಮೇಲೆ ಜೋಡಿಸಿ ಕೂಗಿದರು. "ನೋಡಿದ್ರೇನು! ಒಳಗ ಗನ್ ಇಟ್ಟ ಕೂಡ್ಲೆ ಬ್ಯಾಟರಿನೇ ಎಳಕಂಡ್ಬಿಡ್ತು! ಪಾದರಸದ ಶಕ್ತಿ ಅಂದ್ರ ಇದು!"

ಗುಡಿಯೆಲ್ಲ ಕೈ ಮುಗಿಯಿತು. ಎರಕದವನು ಚಪ್ಪಲಿ ಹಾಕಿಕೊಂಡು ಹೊರಟುಹೋದ. ಎಲ್ಲರೂ ಕೈ ಮುಗಿದ ಮೇಲೆ, ಸುತ್ತಲೂ ಒಮ್ಮೆ ನೋಡಿ, ದಾನಿಗಳೂ ಕೈ ಮುಗಿದರು. ಅವಳು ತಿದ್ದಲು ಬಾಯಿ ತೆರೆದಳು. ಅವಳ ಆ ಬಾಯಿ ನನಗೆ ಒಂದನೇ ಕ್ಲಾಸಿನಿಂದ ಗೊತ್ತು. ಅದು ತೆರೆದುಕೊಂಡು, ಒಳಗೆ ಏನೂ ಸಿಗದ ಹಾಗೆ, ಹಾಗೇ ಮುಚ್ಚಿಕೊಂಡಿತು.

ಕಾರು ಹಗರಿಬೊಮ್ಮನಹಳ್ಳಿ ದಾಟಿತು. ಆಮೇಲೆ ತಡೆಯಲಾಗದೆ ಕೇಳಿದೆ.

"ಏನ್ ಕಂಡಿ ಒಳಗ?"

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಮೊದಲು ಮೇಣದಾಗ ಮುಖ ಮಾಡ್ತಾರ. ಅದರ ಮ್ಯಾಲ ಮಣ್ಣು ಮೆತ್ತಿ, ಮೇಣ ಕರಗಿಸಿ, ಅದಿದ್ದ ಜಾಗಕ್ಕ ಕಂಚು ಹೊಯ್ತಾರ. ಮೇಣ ಇದ್ದಂಗ ಕಂಚು ಆಗ್ತೈತಿ. ಗೊತ್ತಲ್ಲ?"

"ನೀನೇ ಹೇಳಿದ್ದಿ."

"ಹೊರಗಿನ ಮೈ ಎಲ್ಲಾ ನುಣುಪು ಮಾಡ್ಯಾರ. ಒಳಗ ಯಾರು ನೋಡ್ತಾರ ಅಂತ ಬಿಟ್ಟಾರ. ಒಳಗ ಹೆಬ್ಬೆಟ್ಟು ಅದಾವಲೇ. ಮೇಣ ಒತ್ತಿ ಒತ್ತಿ ಕೆನ್ನಿ ಉಬ್ಬಿಸ್ಯಾರಲ್ಲ, ಆ ಹೆಬ್ಬೆಟ್ಟಿನ ಗೆರಿ ಸೈತ ಹಂಗೇ ಅದಾವ. ಸಣ್ಣ ಕೈ. ಹೆಣ್ಣುಮಗಳದೋ ಏನೋ, ಐ ಡೋಂಟ್ ನೋ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅವಳೇ ಅಂದಳು. "ಒತ್ತಿದವರು ಇನ್ನೂ ಕೈ ತಗದಿಲ್ಲ. ನಾ ಹೆಂಗ ನಂಬರ್ ಓದ್ಲಿ?"

ನಾನು ಅವಳ ಕೈ ಹಿಡಿದುಕೊಂಡೆ. ಕೊಸರಿಕೊಳ್ಳಲಿಲ್ಲ. ಕೊಟ್ಟೂರು ಹತ್ತಿರ ಬಂತು, ರಸ್ತೆಬದಿಯ ಅಂಗಡಿಗಳಲ್ಲಿ ಮಿರ್ಚಿಯ ಎಣ್ಣೆ ಕಾಯುತ್ತಿತ್ತು. ಇನ್ನೇನು ಮನೆಯ ತಿರುವು ಎನ್ನುವಾಗ, ನನಗಲ್ಲ, ಗಾಜಿಗೆ ಹೇಳಿದ ಹಾಗೆ ಹೇಳಿದಳು.

"ಬೋರ್ಡಿನಾಗ ನನ್ನ ಹೆಸರು ಇರ್ಲಿ ಬಿಡು."